ಹೊಳೆವ್ವನ ಗುಳಿಗೆ

ಉಣಕಲ್
ತಾ. ೧೪-೯-೧೯೩೬

ಮಿರಜಿನ ದವಾಖಾನೆಯಲ್ಲಿ ಕಂಪೌಂಡರ್ ವಿದ್ಯೆ ಕಲಿಯುತ್ತಿರುವ ನನ್ನ ಯಜಮಾನರಿಗೆ ಸಾವಕ್ಕನ ನಮಸ್ಕಾರ.

ಎಲ್ಲರೂ ಕ್ಷೇಮ ಎಂದು ಬರೆಯಬೇಕು, ಕೈ ಏಳುತ್ತಿಲ್ಲ. ಮಾವನವರು ಕ್ಷೇಮ, ಕುರಿಗಳು ಕ್ಷೇಮ, ನಾನಂತೂ ಗುಂಡುಕಲ್ಲಿನ ಹಾಗೆ ಇದ್ದೇನೆ. ಅತ್ತೆಯವರ ಸಂಗತಿಯೇ ತಿಳಿಯುತ್ತಿಲ್ಲ.

ನಿಮ್ಮ ಅವ್ವ ನನ್ನನ್ನು ಬೈಯುವುದನ್ನು ನಿಲ್ಲಿಸಿದ್ದಾರೆ.

ನಗಬೇಡಿರಿ. ಮೊದಮೊದಲು ನಾನೂ ನಕ್ಕೆ, ದೇವರು ಕಣ್ಣು ತೆರೆದ ಎಂದುಕೊಂಡೆ. ಈ ಮನೆಗೆ ಕಾಲಿಟ್ಟ ದಿನದಿಂದ ಕೋಳಿ ಕೂಗುವ ಮೊದಲೇ ಅವರು ನನ್ನ ಹೆಸರು ಕೂಗುತ್ತಿದ್ದರು. ರೊಟ್ಟಿ ದಪ್ಪಾದರೆ ಒಂದು ಮಾತು, ಹರಿದರೆ ನಾಲ್ಕು ಮಾತು. ಈಗ ಸೀದು ಕರ್ರಗಾದ ರೊಟ್ಟಿ ಇಟ್ಟರೂ ಸುಮ್ಮನೆ ತಿನ್ನುತ್ತಾರೆ. ಒಂದು ದಿನ ಬೇಕೆಂದೇ ಪಲ್ಯಕ್ಕೆ ಉಪ್ಪು ಹಾಕದೆ ನೋಡಿದೆ. ಅದನ್ನೂ ತಿಂದು ಕೈ ತೊಳೆದರು.

ಬಿಸಿಲಲ್ಲಿ ಕೂತು ಕಂಬಳಿ ಹೊದೆಯುತ್ತಾರೆ, ಥಂಡಿ ಎನ್ನುತ್ತಾರೆ. ಉಣ್ಣೆ ನೂಲುವುದನ್ನು ಬಿಟ್ಟು ತಿಂಗಳ ಮೇಲಾಯಿತು. ಮುಖ ಉಬ್ಬಿದೆ, ದನಿ ಗಂಡಸರ ದನಿಯಂತೆ ದಪ್ಪಗಾಗಿದೆ, ಬಾಚಣಿಕೆ ಹಾಕಿದರೆ ಕೂದಲು ಗುಂಜುಗುಂಜಾಗಿ ಬರುತ್ತವೆ. ಪಿಂಜಾರರ ಮಾಬೂಬಿ ಬಂದವಳು, "ಏನ ಹೊಳೆವ್ವಕ್ಕಾ, ಸೊಸಿ ಬಂದಳಂತ ಮೈಗಳ್ಳಿ ಆದೆಲ್ಲಾ?" ಎಂದು ಚೇಷ್ಟೆ ಮಾಡಿದಳು. ಮೊದಲಾಗಿದ್ದರೆ ಆಕೆಯ ಏಳು ತಲೆಮಾರು ಎತ್ತಿ ಆಡುತ್ತಿದ್ದರು. ಎಷ್ಟೋ ಹೊತ್ತಿನ ಮೇಲೆ "ಹೂಂ" ಎಂದರು, ಅಷ್ಟೇ. ಮಾಬೂಬಿಯ ಮುಖವೂ ಸಣ್ಣದಾಯಿತು.

ಮೊನ್ನೆ ಒಲೆಯ ಮುಂದೆ ಕೂತವರು ಕೂತಲ್ಲೇ ನಿದ್ದೆ ಹೋದರು. ಸೆರಗಿಗೆ ಬೆಂಕಿ ಹತ್ತಿತು. ನಾನು ಕೊಡದ ನೀರನ್ನೆಲ್ಲ ಮೈಮೇಲೆ ಸುರಿದೆ. ಸುಟ್ಟ ಸೆರಗನ್ನು ನೋಡುತ್ತ, "ಯಾಕವಾ, ನೀರು ಯಾಕ ಹಾಕಿದಿ?" ಎಂದು ಕೇಳಿದರು.

ಮಾವನವರು ಯಾರೋ ಮಾಟ ಮಾಡಿಸಿದ್ದಾರೆಂದು ತಾಯಿತ ಕಟ್ಟಿಸಿದ್ದಾರೆ. ಓಣಿಯವರು ಮೈಗಳ್ಳತನ ಎನ್ನುತ್ತಾರೆ. ನನಗೆ ಎರಡೂ ಅಲ್ಲ ಎನ್ನಿಸುತ್ತದೆ. ನಿಮ್ಮ ಡಾಕ್ಟರ ಸಾಹೇಬರನ್ನು ಕೇಳಿರಿ. ಖರೇ ಹೇಳಬೇಕೆಂದರೆ, ಬೈಸಿಕೊಳ್ಳದೆ ಈ ಮನೆಯಲ್ಲಿ ನನಗೆ ಅಂಜಿಕೆ ಬರುತ್ತಿದೆ.

ನಿಮ್ಮ
ಸಾವಕ್ಕ

ಮಿರಜ
ತಾ. ೨೫-೯-೧೯೩೬

ಚಿ. ಸೌ. ಸಾವಕ್ಕನಿಗೆ ಅನೇಕ ಆಶೀರ್ವಾದ.

ನಿನ್ನ ಪತ್ರವನ್ನು ದೊಡ್ಡ ಡಾಕ್ಟರ ಸಾಹೇಬರಿಗೆ ಮರಾಠಿಯಲ್ಲಿ ಓದಿ ಹೇಳಿದೆ. ಉಪ್ಪಿಲ್ಲದ ಪಲ್ಯದ ಮಾತಿಗೆ ನಕ್ಕರು. ಸೆರಗಿನ ಮಾತು ಬಂದಾಗ ಚಹದ ಕಪ್ಪನ್ನು ಕೆಳಗಿಟ್ಟರು. ಆಮೇಲೆ ನನ್ನನ್ನು ಪ್ರಶ್ನೆ ಕೇಳಿದ್ದೇ ಕೇಳಿದ್ದು. ಹುಬ್ಬಿನ ಹೊರತುದಿಯ ಕೂದಲು ಉದುರಿದೆಯೇ? ಚರ್ಮ ಒರಟಾಗಿದೆಯೇ? ನಾಡಿ ನಿಧಾನವೇ? ನನಗೇನು ಗೊತ್ತು? ಹೆತ್ತ ತಾಯಿಯ ಹುಬ್ಬು ಹೇಗಿದೆ ಎಂದು ಹೇಳಲಾಗದೆ ಅವರೆದುರು ನಿಂತಿದ್ದೆ.

ಇದು ಮಾಟವೂ ಅಲ್ಲ, ಮೈಗಳ್ಳತನವೂ ಅಲ್ಲ, ಬೇನೆ ಇರಬೇಕು, ಆದರೆ ಕಣ್ಣಿಂದ ನೋಡದೆ ಔಷಧ ಕೊಡುವುದಿಲ್ಲ ಎಂದರು. ದೀಪಾವಳಿಗೆ ಬರುತ್ತೇನೆ. ಅವ್ವನನ್ನು ಮಿರಜಿಗೆ ಕರೆತರಬೇಕು. ರೈಲು ಹತ್ತುವುದಿಲ್ಲ ಎಂದರೆ ಹೊತ್ತುಕೊಂಡು ಹತ್ತಿಸುತ್ತೇನೆ. ಅಲ್ಲಿಯವರೆಗೆ ಅವಳನ್ನು ಒಲೆಯ ಹತ್ತಿರ ಬಿಡಬೇಡ. ಉಪ್ಪು ಹಾಕದೆ ಪರೀಕ್ಷೆ ಮಾಡುವುದನ್ನೂ ಬಿಡು, ಖೋಡಿ.

ನಿನ್ನ
ಬೀರಲಿಂಗಪ್ಪ

ಮಿರಜ
ತಾ. ೩೦-೧೧-೧೯೩೬

ಚಿ. ಸೌ. ಸಾವಕ್ಕನಿಗೆ ಆಶೀರ್ವಾದ.

ದವಾಖಾನೆಗೆ ತೋರಿಸಿಕೊಂಡು ಇಲ್ಲಿಂದ ಹೊರಟ ನೀವಿಬ್ಬರೂ ಉಣಕಲ್ ಮುಟ್ಟಿದ ಸುದ್ದಿ ತಲುಪಿತು. ರೈಲಿನಲ್ಲಿ ಅವ್ವ ನಿನ್ನ ಹೆಗಲ ಮೇಲೆ ಮಲಗಿಯೇ ಬಂದಳೆಂದು ಬರೆದಿದ್ದೀಯ. ಇನ್ನು ಕೆಲವು ದಿನ ಹಾಗೇ ಇರುತ್ತಾಳೆ. ಸಾಹೇಬರು ಕೊಟ್ಟ ಗುಳಿಗೆ ತಡವಾಗಿ ಕೆಲಸ ಮಾಡುತ್ತದೆ, ಆದರೆ ಮಾಡುತ್ತದೆ.

ಅವ್ವನಿಗೆ ಆದದ್ದಾದರೂ ಏನು ಎಂದು ಸ್ಟೇಷನ್ನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ಈಗ ಉತ್ತರ. ನಮ್ಮ ಗಂಟಲಿನ ಮುಂಭಾಗದಲ್ಲಿ ಪಾತರಗಿತ್ತಿಯ ಆಕಾರದ ಒಂದು ಗ್ರಂಥಿ ಇರುತ್ತದೆ, ಅದಕ್ಕೆ ಥೈರಾಯ್ಡ್ ಎನ್ನುತ್ತಾರೆ. ಬಾಯಿಯಲ್ಲಿ ಜೊಲ್ಲು ಸುರಿಸುವ ಗ್ರಂಥಿಗಳಿಗೆ ಸಣ್ಣ ನಾಳಗಳಿವೆ. ಇದಕ್ಕೆ ಯಾವ ನಾಳವೂ ಇಲ್ಲ. ತಾನು ಮಾಡಿದ ರಸವನ್ನು ನೇರವಾಗಿ ರಕ್ತಕ್ಕೆ ಬಿಡುತ್ತದೆ. ಇಂಥ ಗ್ರಂಥಿಗಳು ಮೈಯಲ್ಲಿ ಹಲವು ಇವೆ, ಅವುಗಳ ರಸಕ್ಕೆ ಹಾರ್ಮೋನ್ ಎಂದು ಹೆಸರು. ರಕ್ತ ಅದನ್ನು ಮೈತುಂಬ ಒಯ್ಯುತ್ತದೆ, ಆದರೆ ಯಾವ ಅಂಗಕ್ಕೆ ಹೇಳಿದ್ದೋ ಅದು ಮಾತ್ರ ಕೇಳುತ್ತದೆ. ಊರಲ್ಲಿ ಡಂಗುರ ಹೊಡೆದ ಹಾಗೆ. ದನಿ ಎಲ್ಲ ಓಣಿಗೂ ಹೋಗುತ್ತದೆ, ಕುರುಬರು ಚಾವಡಿಗೆ ಬರಬೇಕು ಎಂದರೆ ಕುರುಬರು ಮಾತ್ರ ಏಳುತ್ತಾರೆ. ಥೈರಾಯ್ಡಿನ ಡಂಗುರ ಮಾತ್ರ ಹೆಚ್ಚುಕಡಿಮೆ ಇಡೀ ಮೈಗೆ. ಮೈ ಎಷ್ಟು ಬಿಸಿ ಇರಬೇಕು, ಗುಂಡಿಗೆ ಎಷ್ಟು ಚುರುಕಾಗಿ ಬಡಿಯಬೇಕು, ತಿಂದದ್ದು ಎಷ್ಟು ಬೇಗ ಉರಿಯಬೇಕು ಎಂಬುದೆಲ್ಲ ಅದರ ಅಪ್ಪಣೆ. ಅವ್ವನ ಗ್ರಂಥಿ ಸೊರಗಿಹೋಗಿದೆ, ಅದಕ್ಕೇ ಅವಳಿಗೆ ಥಂಡಿ, ನಿದ್ದೆ, ಮರೆವು.

ಆ ರಸ ಹೊರಗಿನಿಂದ ಕೊಟ್ಟರೆ ಮೈ ಮತ್ತೆ ಏಳುತ್ತದೆ. ಆದರೆ ದಿನಾಲೂ ನುಂಗಬೇಕು, ಬದುಕಿರುವವರೆಗೂ. ಬಿಟ್ಟರೆ ಮತ್ತೆ ಹಾಗೇ ಆಗುತ್ತಾಳೆ, ಬೇನೆ ಹೆಚ್ಚಾದರೆ ಜೀವಕ್ಕೇ ಅಪಾಯ ಎಂದು ಸಾಹೇಬರು ಎರಡು ಸಲ ಹೇಳಿದರು.

ಈಗ ನಿನಗೊಬ್ಬಳಿಗೇ ಹೇಳುವ ಮಾತು. ಆ ಗುಳಿಗೆಯನ್ನು ಕುರಿಯ ಗಂಟಲಿನ ಗ್ರಂಥಿಯನ್ನೇ ಒಣಗಿಸಿ ಮಾಡಿರುತ್ತಾರೆ. ಅವ್ವನ ಹರಕೆ ನಿನಗೆ ಗೊತ್ತೇ ಇದೆ. ನಾನು ಸಣ್ಣವನಿದ್ದಾಗ ವಿಷಮಜ್ವರ ಬಂದು ಕೈಬಿಟ್ಟು ಹೋದ ಹಾಗಿದ್ದೆ. ಆಗ ಅವಳು ಬೀರಪ್ಪನ ಗುಡಿಯಲ್ಲಿ ಅರಿಷಿಣದ ಭಂಡಾರ ಮುಟ್ಟಿ, ಮಗ ಉಳಿದರೆ ಇನ್ನು ಕುರಿಯನ್ನು ಬಾಯಲ್ಲಿ ಇಡುವುದಿಲ್ಲ ಎಂದು ಆಣೆ ಮಾಡಿದಳು. ಇವತ್ತಿಗೂ ಇಟ್ಟಿಲ್ಲ. ಅದಕ್ಕೇ ಬೇರಿನ ಗುಳಿಗೆ ಎಂದು ಹೇಳಿದ್ದೇನೆ. ನೀನೂ ಹಾಗೇ ಹೇಳು. ನನ್ನಾಣೆ.

ನಿನ್ನ
ಬೀರಲಿಂಗಪ್ಪ

ಉಣಕಲ್
ತಾ. ೨೦-೧-೧೯೩೭

ನನ್ನ ಯಜಮಾನರಿಗೆ ನಮಸ್ಕಾರ.

ಸಂಕ್ರಾಂತಿಯ ದಿನ ನಿಮ್ಮ ಅವ್ವ ನನ್ನನ್ನು ಮೂದೇವಿ ಎಂದರು. ಮಾದಲಿಗೆ ಬೆಲ್ಲ ಸಾಲಲಿಲ್ಲವಂತೆ. ನಾನು ಅಡಿಗೆಮನೆಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ನಕ್ಕೆ, ಆಮೇಲೆ ಅಳುವೂ ಬಂತು.

ಕಂಬಳಿ ಈಗ ರಾತ್ರಿಗೆ ಮಾತ್ರ. ಮುಖದ ಬಾವು ಇಳಿದು ಮೊದಲಿನ ಗದ್ದ ಕಾಣುತ್ತಿದೆ. ಉಣ್ಣೆ ನೂಲುತ್ತಾರೆ. ಮೊನ್ನೆ ಮಾಬೂಬಿಯನ್ನು ಕರೆದು, "ಅವತ್ತ ಏನಂದಿ ನನಗ? ಈಗ ಅನ್ನು ನೋಡೂಣು" ಎಂದು ಆಗಿನ ಬಾಕಿಯನ್ನೆಲ್ಲ ಒಟ್ಟಿಗೆ ತೀರಿಸಿದರು. ಮಾಬೂಬಿ, "ಅಲ್ಲಾ ದೊಡ್ಡಾಂವ, ನಮ್ಮಕ್ಕ ತಿರುಗಿ ಬಂದಳು" ಎಂದು ಅವರ ಗಲ್ಲ ಹಿಡಿದು, ದೃಷ್ಟಿ ತಾಗದಿರಲೆಂದು ಬೆರಳಿನ ಲೊಟಕಿ ಮುರಿದಳು.

ದಿನಾ ಬೆಳಿಗ್ಗೆ ಗುಳಿಗೆಯನ್ನು ನನ್ನ ಕೈಯಿಂದಲೇ ತೆಗೆದುಕೊಳ್ಳುತ್ತಾರೆ. "ಯಾವ ಬೇರ ಇದ್ದೀತವಾ, ಇಷ್ಟ ಗುಣ ಐತಿ" ಎಂದು ಕಣ್ಣಿಗೆ ಒತ್ತಿಕೊಂಡು ನುಂಗುತ್ತಾರೆ. ಅವರು ಕಣ್ಣಿಗೆ ಒತ್ತಿಕೊಳ್ಳುವಾಗ ನನಗೆ ಅಲ್ಲಿ ನಿಲ್ಲಲಾಗುವುದಿಲ್ಲ. ನೀವು ಮಿರಜಿನಲ್ಲಿ ಆರಾಮ ಇದ್ದೀರಿ, ಸುಳ್ಳು ಹೇಳುವ ಕೆಲಸ ನನಗೆ ಬಂದಿದೆ.

ನಿಮ್ಮ
ಸಾವಕ್ಕ

ಉಣಕಲ್
ತಾ. ೧೨-೨-೧೯೩೭

ಯಜಮಾನರಿಗೆ ನಮಸ್ಕಾರ.

ಅತ್ತೆಗೆ ಗೊತ್ತಾಯಿತು.

ಯಾರೂ ಹೇಳಲಿಲ್ಲ. ಬೇನೆಯಲ್ಲಿ ಅವರ ಮೂಗೂ ಮಲಗಿತ್ತು, ಸೀದ ರೊಟ್ಟಿಯೂ ತಿಳಿಯುತ್ತಿರಲಿಲ್ಲ. ನಿಮ್ಮ ಗುಳಿಗೆ ಅದನ್ನೂ ಎಬ್ಬಿಸಿತು. ನಾಲ್ಕು ದಿನದ ಹಿಂದೆ ಬೆಳಿಗ್ಗೆ ಗುಳಿಗೆಯನ್ನು ಕಣ್ಣಿಗೆ ಒತ್ತಿಕೊಂಡವರು ಹಾಗೇ ಮೂಗಿನ ಹತ್ತಿರ ಹಿಡಿದರು. ಮತ್ತೊಮ್ಮೆ ಹಿಡಿದರು. ಹುಟ್ಟಿದಾಗಿನಿಂದ ಕುರಿಗಳ ನಡುವೆ ಬೆಳೆದವರು. ಮುರಿದು ನೋಡಿ, ಒಳಗೆ ಹೋಗಿ ಭಂಡಾರದ ಬಟ್ಟಲು ತಂದು ನನ್ನ ಮುಂದೆ ಇಟ್ಟರು.

"ಮುಟ್ಟಿ ಹೇಳು. ಇದು ಬೇರ ಏನ?"

ನಾನು ಬೇರೆಯವರ ಮುಂದೆ ಸುಳ್ಳು ಹೇಳಬಲ್ಲೆ. ಬೀರಪ್ಪನ ಅರಿಷಿಣದ ಪುಡಿಯಲ್ಲಿ ಬೆರಳಿಟ್ಟು ಹೇಳಲಾರೆ. "ಕುರೀದು ಅತ್ತಿ" ಎಂದೆ.

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಬಾಯಿ ಮುಕ್ಕಳಿಸಿ ಬಂದು ದೇವರ ಮುಂದೆ ಕೂತರು. "ಯಾರ ಹೇಳಿದ್ರು ನಿನಗ, ಮುಚ್ಚಿಡಂತ?" ಎಂದು ಕೇಳಿದರು. ನಾನು ಮುರಿದ ಗುಳಿಗೆಯ ತುಂಡುಗಳನ್ನು ಆರಿಸತೊಡಗಿದೆ. "ಗೊತ್ತಾತ ಬಿಡು" ಎಂದರು.

ಅಂದಿನಿಂದ ಗುಳಿಗೆ ಮುಟ್ಟಿಲ್ಲ. ನನ್ನ ಕೈಯ ನೀರನ್ನೂ ಮೂಸಿ ಕುಡಿಯುತ್ತಾರೆ. ಮಾಡಿದವರು ನೀವು, ಮುಂದೇನು ಎಂದು ನೀವೇ ಹೇಳಬೇಕು.

ಸಾವಕ್ಕ

ಮಿರಜ
ತಾ. ೨೦-೨-೧೯೩೭

ಸಾವಕ್ಕ, ಕೆಳಗಿನದನ್ನು ಅವ್ವನಿಗೆ ಓದಿ ಹೇಳು. ಎದುರು ಕೂತು ಮಾತಾಡಿದ ಹಾಗೆಯೇ ಬರೆದಿದ್ದೇನೆ, ತಿದ್ದಬೇಡ.

ಅವ್ವಾ, ನಿನ್ನ ಪಾದಕ್ಕ ಬೀಳತೇನಿ. ಸುಳ್ಳ ಹೇಳಿದಾಂವ ನಾನ. ಸಾವಕ್ಕಂದು ಇದರಾಗ ಏನೂ ತಪ್ಪಿಲ್ಲ, ಹೇಳಬ್ಯಾಡ ಅಂತ ಆಣಿ ಹಾಕಿದಾಂವನೂ ನಾನ. ಬೈಯೂದಿದ್ದರ ನನಗ ಬೈ. ನಮ್ಮ ಸಾಹೇಬರಂತೂ, "ಕುರುಬರ ಹೆಣ್ಣಮಗಳಿಂದ ಕುರೀನ ಮುಚ್ಚಿಡಾಕ ಹೋದೆಲ್ಲೋ" ಅಂತ ಇಡೀ ದವಾಖಾನಿ ಮುಂದ ನಕ್ಕರು.

ಆದ್ರ ಅವ್ವಾ, ಒಂದ ಮಾತ ಕೇಳು. ಅಪ್ಪ ಟಗರಿನ ಬೀಜ ಒಡಸತಾನಲ್ಲ, ಆಮ್ಯಾಲ ಅದು ಹಾಯೂದು ಬಿಟ್ಟು, ಮೈ ತುಂಬಕೊಂಡು, ಸುಮ್ಮನ ಮೇಯತೈತಿ. ಯಾಕ? ಆ ಬೀಜದಾಗ ಹುಟ್ಟೂ ರಸ ರಕ್ತಕ್ಕ ಹೋಗೂದು ನಿಂತಿತು, ಅದಕ್ಕ. ಕುರಿ ಈದ ಮ್ಯಾಲ ಕೆಚ್ಚಲಕ್ಕ ಹಾಲ ಬರೂದೂ ಒಂದು ರಸದಿಂದನ. ಅದನ್ನ ಮಾಡೂ ಗ್ರಂಥಿ ಮಿದುಳಿನ ಬುಡದಾಗ ಐತಿ, ಕಡ್ಲಿಕಾಳಿನಷ್ಟ. ಉಳಿದ ಗ್ರಂಥಿಗಳಿಗೆ ಹುಕುಂ ಕೊಡೂದೂ ಅದ. ತೋಳ ಬಂದಾಗ ನಿನ್ನ ಎದಿ ಡವಡವ ಅಂತಿತ್ತಲ್ಲ, ಕೈಯಾಗ ಇಲ್ಲದ ಬಲ ಬರ್ತಿತ್ತಲ್ಲ, ಅದು ಮೂತ್ರಪಿಂಡದ ಮ್ಯಾಲ ಟೊಪಗಿ ಹಾಂಗ ಕೂತ ಗ್ರಂಥಿಗಳ ಕೆಲಸ. ಹೊಟ್ಟಿ ಹಿಂದ ಇನ್ನೊಂದು ಐತಿ, ಅದರ ರಸ ಕಡಿಮಿ ಆದ್ರ ಸಕ್ಕರಿ ರೋಗ. ಇಲ್ಲೆ ಒಬ್ಬ ಮಾಸ್ತರರು ದಿನಾ ಆ ರಸದ ಸೂಜಿ ಚುಚ್ಚಿಸಿಕೊಂಡು ಸಾಲಿ ನಡಸ್ಯಾರ. ಅದನ್ನೂ ದನದ್ದು, ಹಂದೀದು ತಗದು ಮಾಡತಾರ. ಅವರು ಜನಿವಾರದವರು.

ಇದೆಲ್ಲಾ ಯಾಕ ಹೇಳತೇನಿ ಅಂದ್ರ, ನಿನ್ನ ಗುಳಿಗಿ ಊಟ ಅಲ್ಲ. ರುಚಿಗೆ ತಿನ್ನೂದಲ್ಲ. ನಿನ್ನ ಮೈ ತಾನ ಮಾಡಬೇಕಾದ್ದು ಮಾಡವಲ್ದು, ಕುರಿ ಅದನ್ನ ನಿನಗ ಕೊಡಾಕತ್ತೈತಿ. ಬಿಟ್ಟಿ ಅಂದ್ರ ಮತ್ತ ಒಲಿ ಮುಂದ ಮಲಗತಿ. ಈ ಸಲ ಸಾವಕ್ಕ ಹತ್ತರ ಇಲ್ಲದಿದ್ದರ?

ತಗೋ ಅವ್ವಾ. ನನಗ ನೀ ಬೇಕು.

ನಿನ್ನ ಮಗ
ಬೀರಲಿಂಗ

ಉಣಕಲ್
ತಾ. ೨೮-೩-೧೯೩೭

ಯಜಮಾನರಿಗೆ ನಮಸ್ಕಾರ.

ಬರೆಯಲು ತಡವಾಯಿತು. ಆಗಿದ್ದನ್ನು ಆದ ಹಾಗೇ ಬರೆಯುತ್ತೇನೆ.

ನಿಮ್ಮ ಪತ್ರ ಓದಿ ಹೇಳಿದೆ. ಟಗರಿನ ಮಾತನ್ನು ಮಾವನವರ ಎದುರು ಓದುವಾಗ ನನಗೆ ನಾಲಿಗೆ ತೊಡರಿತು, ಅವರು ಮಾತ್ರ "ಖರೇ ಐತಿ, ಖರೇ ಐತಿ" ಎಂದು ತಲೆಯಾಡಿಸಿದರು. ಅತ್ತೆ ಕಣ್ಣು ಮುಚ್ಚಿ ಎಲ್ಲ ಕೇಳಿದರು.

"ತಿಳೀತು" ಎಂದರು. "ಗ್ರಂಥಿ, ರಸ, ಎಲ್ಲಾ ತಿಳೀತು. ಆದ್ರ ನಾ ಮಾತ ಕೊಟ್ಟದ್ದು ಬೀರಪ್ಪಗ. ಮಗನ್ನ ಕೊಡು, ಕುರಿ ಬಿಡತೇನಿ ಅಂದೆ. ಆಂವ ಕೊಟ್ಟ. ಈಗ ನಾ ಮಾತ ಮುರದು, ಆಂವ ಕೊಟ್ಟದ್ದನ್ನ ತಿರುಗಿ ತಗೊಂಡ್ರ?"

ಅವರ ಅಂಜಿಕೆ ಇದು. ತಾವು ಗುಳಿಗೆ ನುಂಗಿದರೆ ನಿಮಗೆ ಏನಾದರೂ ಆದೀತು ಎಂದು. ಅದಕ್ಕೆ ನಿಮ್ಮ ವಿದ್ಯೆಯಲ್ಲಿ ಔಷಧವಿಲ್ಲ.

ಶಿವರಾತ್ರಿಯ ಹೊತ್ತಿಗೆ ಮತ್ತೆ ಕಂಬಳಿ ಹೊದ್ದರು. ದನಿ ದಪ್ಪಾಯಿತು. ಒಂದು ಬೆಳಿಗ್ಗೆ ಹಿಟ್ಟಿನಲ್ಲಿ ಕೈಯಿಟ್ಟುಕೊಂಡೇ ನಿದ್ದೆ ಹೋಗಿದ್ದರು. ನಾನು ಅವರನ್ನು ಮಾಬೂಬಿಯ ಕೈಗೆ ಒಪ್ಪಿಸಿ ಬೀರಪ್ಪನ ಗುಡಿಗೆ ನಡೆದೆ. ಪೂಜಾರಿ ಯಮನಪ್ಪಜ್ಜನ ಮುಂದೆ ಕೂತು ಹನಿ ಉಳಿಸದೆ ಎಲ್ಲ ಹೇಳಿದೆ.

"ಹರಕಿ ಬಿಡಾಕ ಬರೂದಿಲ್ಲ" ಎಂದ ಅಜ್ಜ. "ಆದ್ರ ಹೊತ್ತಾಕಿಗೆ ಆಗದಿದ್ದಾಗ ಮನ್ಯಾಗಿನವರು ಹೊರಬಹುದು. ನೆಲಕ್ಕ ಇಡಬಾರದು ನೋಡು, ಕೈಯಿಂದ ಕೈಗೆ ದಾಟಬೇಕು. ಹೊಳೆವ್ವ ತಾನಾಗೇ ಹೊರೂವರ ಹಣಿಗೆ ಭಂಡಾರ ಹಚ್ಚಬೇಕು. ಯಾರ ಹೊರತಾರ?"

"ನಾನ" ಎಂದೆ.

"ನೀ ಖಂಡದ ಸಾರ ಅಂದ್ರ ಜೀವಾ ಬಿಡ್ತಿ ಅಂತ ನಿಮ್ಮಪ್ಪ ಹೇಳತಿದ್ದ" ಎಂದು ನಕ್ಕ. ಹೌದು, ಅದು ನಿಮಗೂ ಗೊತ್ತು. ಅದಕ್ಕೇ ನಿಮ್ಮನ್ನು ಕೇಳಲಿಲ್ಲ. ಕೇಳಿದ್ದರೆ ನಾನು ಹೊರುತ್ತೇನೆ ಎನ್ನುತ್ತಿದ್ದಿರಿ. ನಿಮ್ಮ ಜೀವಕ್ಕೆ ಮಾಡಿದ ಹರಕೆಯನ್ನು ನಿಮ್ಮ ತಲೆಗೇ ಹೊರಿಸಲು ಅತ್ತೆ ಒಪ್ಪುತ್ತಿರಲಿಲ್ಲ. ಮನೆಗೆ ಬಂದು ಹೇಳಿದಾಗ ಮಾವನವರು ತಾವು ಹೊರುವುದಾಗಿ ಹೇಳಿಯೂ ನೋಡಿದರು. ಆ ನಿದ್ದೆಗಣ್ಣಿನಲ್ಲೂ ಅತ್ತೆ, "ಕುರಿ ಹಿಂದ ಹ್ವಾದಾಂವ ಎಲ್ಲೆ ಏನ ತಿಂತಾನೋ ಯಾರ ಕಂಡಾರ" ಎಂದರು.

ನನ್ನ ಹೆಸರು ಹೇಳಿದಾಗಲೂ ಒಪ್ಪಲಿಲ್ಲ. "ನಾಳೆ ಬಾಣಂತಿ ಆದ್ರ ಏನ ತಿಂತಿ? ನೀ ಸಣ್ಣಾಕಿ. ಒಂದ ದಿನ ಮರತ ಬಾಯಾಗ ಇಟ್ಟಿ ಅಂದ್ರ ನನ್ನ ಮಗನ ಗತಿ ಏನ?"

"ಅವರು ನನಗೂ ಗಂಡ ಅದಾರ್ರಿ, ಅತ್ತಿ" ಎಂದೆ.

ಅತ್ತೆ ನನ್ನ ಮುಖ ನೋಡಿದರು. ಬೇನೆಯಿಂದ ನೋಡುತ್ತಿದ್ದಾರೋ, ತಿಳಿದು ನೋಡುತ್ತಿದ್ದಾರೋ ನನಗೆ ಗೊತ್ತಾಗಲಿಲ್ಲ. ಆಮೇಲೆ ಬಟ್ಟಲಿನಲ್ಲಿ ಬೆರಳು ಅದ್ದಿ ನನ್ನ ಹಣೆಗೆ ಭಂಡಾರ ಹಚ್ಚಿದರು. ಕೈ ತಣ್ಣಗಿತ್ತು.

ಅವತ್ತೇ ಗುಳಿಗೆ ತೆಗೆದುಕೊಂಡರು. ನೀವು ಸಿಟ್ಟಾಗಬಾರದು, ಅಳಲೂಬಾರದು.

ನಿಮ್ಮ
ಸಾವಕ್ಕ

ಉಣಕಲ್
ತಾ. ೨೩-೫-೧೯೩೭

ಇದು ಅತ್ತೆಯವರು ಹೇಳಿ ನಾನು ಬರೆಯುತ್ತಿರುವ ಪತ್ರ. ಒಂದಕ್ಷರ ಬಿಟ್ಟರೆ ಮಾಬೂಬಿಯ ಮಗನಿಂದ ಓದಿಸಿ ಹಿಡಿಯುತ್ತೇನೆಂದು ಅಂಜಿಸಿದ್ದಾರೆ.

ಬೀರಲಿಂಗಾ, ನಾ ನಿಮ್ಮವ್ವ ಹೊಳೆವ್ವ. ಆರಾಮ ಅದೇನಿ. ಇವತ್ತ ಕೆರೀಗೆ ಹೋಗಿ ಕಂಬಳಿ ತೊಳಕೊಂಡ ಬಂದೆ. ಗುಳಿಗಿ ಮುಗಿಯಾಕ ಬಂದಾವು, ಲಗೂನ ಕಳಸು. ಇನ್ನೊಮ್ಮಿ ನನಗ ಸುಳ್ಳ ಹೇಳಿದಿ ಅಂದ್ರ ಮಿರಜಿಗೆ ಬಂದು ನಿಮ್ಮ ಡಾಕ್ಟರ ಮುಂದನ ಕಿವಿ ಹಿಂಡತೇನಿ. ಈಗ ನನಗ ರೈಲ ಹತ್ತಾಕ ಬರತೈತಿ.

ನಿನ್ನ ಹೇಣ್ತಿ ರೊಟ್ಟಿ ಇನ್ನೂ ದಪ್ಪನ ಬಡೀತಾಳ. ಎಷ್ಟ ಹೇಳಿದ್ರೂ ಅಷ್ಟ. ಇದನ್ನ ಬರದಿಯೇನ? ಬರಿ. ಇನ್ನೊಂದು ಬರಿ. ನನ್ನ ಹೊಟ್ಯಾಗ ಹೆಣ್ಣಮಗಳು ಹುಟ್ಟಲಿಲ್ಲಂತ ನಾ ಭಾಳ ದಿನ ಅತ್ತಿದ್ದೆ. ಈಗ ಅಳೂದಿಲ್ಲಂತ ಬರಿ. ಯಾಕ ಕೈ ನಿಂತಿತು? ಬರಿ ಅಂದೆ.

(ಬರೆದಿದ್ದೇನೆ. ಅವರು ಉಣ್ಣೆಗೆಂದು ಎದ್ದು ಹೋದರು. ಇನ್ನು ಮುಂದೆ ನನ್ನ ಮಾತು.)

ನಿನ್ನೆ ಮಾವನವರು ಬಯಲಿನಿಂದ ಕುರಿ ಹೊಡೆದುಕೊಂಡು ಬಂದರು. ಅತ್ತೆ ಓಡಾಡುವುದನ್ನು ನೋಡಿ ಹಿಗ್ಗಿ ಒಂದು ಕುರಿ ಕಡಿಸಿದರು. ಹರಕೆ ದಾಟಿದೆ, ಇನ್ನು ಹೊಳೆವ್ವ ಉಣ್ಣಲಿ ಎಂದು ತಾವೇ ನಿಂತು ಅಡಿಗೆ ಮಾಡಿಸಿದರು. ಇಡೀ ಓಣಿಗೆ ವಾಸನೆ ಹೋಗಿತ್ತು. ನಾನು ಪುಂಡಿಪಲ್ಯ, ರೊಟ್ಟಿ ಹಾಕಿಕೊಂಡು ಹಿತ್ತಲ ಬಾಗಿಲಲ್ಲಿ ಕೂತೆ, ವಾಸನೆ ಅಲ್ಲಿ ಸ್ವಲ್ಪ ಕಡಿಮೆ ಎಂದು. ಸುಳ್ಳೇಕೆ ಹೇಳಲಿ, ಬಾಯಲ್ಲಿ ನೀರು ಬರುತ್ತಿತ್ತು.

ಅತ್ತೆಯ ಮುಂದೆ ಖಂಡದ ಗಂಗಾಳ ಇಟ್ಟರು. ನೀವು ಸಣ್ಣವರಿದ್ದಾಗಿನಿಂದ ಮುಟ್ಟದೇ ಇದ್ದದ್ದು. ಅವರು ಅದನ್ನು ನೋಡಿದರು, ಮೂಸಿದರು. ಆಮೇಲೆ ಎದ್ದು ಹಿತ್ತಲಿಗೆ ಬಂದು ನನ್ನ ಎದುರು ಕೂತರು.

"ಗುಳಿಗಿ ಔಷಧ, ನುಂಗತೇನಿ" ಎಂದರು. "ಅದಕ್ಕಿಂತ ಹೆಚ್ಚಿನ ಕುರಿ ನನಗ ಬ್ಯಾಡ. ನೀ ಒಬ್ಬಾಕಿ ಯಾಕ ಇಲ್ಲೆ ಕುಂತ ಉಣಬೇಕು? ಸರಿ ಆ ಕಡೆ."

ನನ್ನ ಗಂಗಾಳವನ್ನು ಇಬ್ಬರ ನಡುವೆ ಎಳೆದುಕೊಂಡು, ನಾನು ಮುರಿದಿಟ್ಟ ರೊಟ್ಟಿಯನ್ನೇ ಪಲ್ಯಕ್ಕೆ ಅದ್ದಿ ತಿನ್ನತೊಡಗಿದರು. ಅತ್ತೆ ಸೊಸೆಯ ಗಂಗಾಳದಲ್ಲಿ ಉಂಡದ್ದನ್ನು ನಾನು ಎಲ್ಲೂ ನೋಡಿಲ್ಲ, ಕೇಳಿಲ್ಲ. ಊಟ ಮುಗಿಯುವವರೆಗೂ ನಾನು ತಲೆ ಎತ್ತಲಿಲ್ಲ.

ನಿಮ್ಮ
ಸಾವಕ್ಕ